ವ್ಯಾಯಾಮ ಮಾಡಿದ್ರೆ ಕಣ್ಣಿನ ಪ್ರೆಷರ್ ಏರುತ್ತಾ ಇಳಿಯುತ್ತಾ?

ಜಿಮ್ಮಲ್ಲಿ ಭಾರ ಎತ್ತೋರಿಗೆ ಗ್ಲಾಕೋಮಾ (ಕಣ್ಣಿನ ನರ್ವ್ ಸಾಯೋ ಕಾಯಿಲೆ) ಬರುತ್ತೆ ಅಂತ ಒಂದು ವಿಡಿಯೋ, ದಿನಾ ಅರ್ಧ ಗಂಟೆ ನಡೆದ್ರೆ ಸಾಕು ಕಣ್ಣಿನ ಪ್ರೆಷರ್ ತಾನಾಗೇ ಇಳಿಯುತ್ತೆ ಡ್ರಾಪ್ಸೇ ಬೇಡ ಅಂತ ಇನ್ನೊಂದು, ಎರಡೂ ಒಂದೇ ದಿನ ಒಂದೇ ಗ್ರೂಪಿಗೆ ಬಂದು ಬೀಳುತ್ತೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ತಲೆನೋವು ಇರೋದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ರೆ ಡಿಲೀಟ್ ಮಾಡಿ ಸುಮ್ನಿರಬಹುದಿತ್ತು. ಅರ್ಧ ನಿಜ ಇಟ್ಕೊಂಡು ಒಬ್ರು ಜಿಮ್ ಬಿಡ್ತಾರೆ, ಇನ್ನೊಬ್ರು ಡ್ರಾಪ್ಸ್ ಬಿಡ್ತಾರೆ, ಮೊದಲನೇದು ದಂಡ, ಎರಡನೇದು ಅಪಾಯ.

ವ್ಯಾಯಾಮ ಅಂದ ತಕ್ಷಣ ವಾಕಿಂಗ್, ಸ್ಕ್ವಾಟ್, ಶೀರ್ಷಾಸನ, ಈಜು ಎಲ್ಲಾನೂ ಒಂದೇ ತಕ್ಕಡೀಲಿ ತೂಗಿಬಿಡ್ತೀವಿ. ಕಣ್ಣಿಗೆ ಈ ಹೆಸರೆಲ್ಲ ಗೊತ್ತಿಲ್ಲ. ಅದಕ್ಕೆ ಗೊತ್ತಾಗೋದು ಇಷ್ಟೇ, ಉಸಿರು ಹರಿದಾಡ್ತಿದ್ಯಾ ಬಿಗಿ ಹಿಡಿದಿದ್ಯಾ, ತಲೆ ಎದೆಗಿಂತ ಮೇಲಿದ್ಯಾ ಕೆಳಗಿದ್ಯಾ, ಕತ್ತಿನ ರಕ್ತನಾಳದ ಮೇಲೆ ಎಷ್ಟು ಒತ್ತಡ ಬಿದ್ದಿದೆ, ರಕ್ತದಲ್ಲಿ ನೀರಿನಂಶ ಎಷ್ಟಿದೆ. ಇದಿಷ್ಟನ್ನ ಹಿಡ್ಕೊಂಡ್ರೆ ಯಾವ ವ್ಯಾಯಾಮದಲ್ಲಿ ಏನಾಗುತ್ತೆ ಅಂತ ಮುಕ್ಕಾಲು ಪಾಲು ನಾವೇ ಊಹಿಸ್ಬಹುದು.

ಮೊದಲು ಈ ಪ್ರೆಷರ್ ಎಲ್ಲಿಂದ ಬರುತ್ತೆ ನೋಡೋಣ. ಬಿಪಿ ಬೇರೆ ಇದು ಬೇರೆ, ನನ್ ಬಿಪಿ ನಾರ್ಮಲ್ ಇದೆ ಅಂದ್ರೆ ಕಣ್ಣೂ ನಾರ್ಮಲ್ ಅಂತ ಹೇಳೋಕಾಗಲ್ಲ. ಕಣ್ಣಿನೊಳಗೆ ಐರಿಸ್ (ಕಣ್ಣಿನ ಬಣ್ಣದ ಭಾಗ) ಹಿಂದೆ ಸಿಲಿಯರಿ ಬಾಡಿ ಅಂತ ಒಂದು ಭಾಗ ಇದೆ, ಅದು ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೋಲೀಟರ್‌ನಷ್ಟು ನೀರಿನಂಥ ದ್ರವ ತಯಾರು ಮಾಡ್ತಾನೇ ಇರುತ್ತೆ, ಹೆಸರು ಆಕ್ವಿಯಸ್ ಹ್ಯೂಮರ್. ಕಣ್ಣೀರಿಗೂ ಇದಕ್ಕೂ ಸಂಬಂಧ ಇಲ್ಲ, ಕಣ್ಣೀರು ಹೊರಗಡೆ, ಇದು ಒಳಗಡೆ. ಕಣ್ಣಿನ ಮುಂದಿನ ಕೋಣೇಲಿ ಇದು ಇರೋದೇ ಕಾಲು ಎಂಎಲ್‌ನಷ್ಟು, ಎರಡು ಗಂಟೆ ಒಳಗೆ ಹೆಚ್ಚುಕಮ್ಮಿ ಹಳೇದೆಲ್ಲ ಹೋಗಿ ಹೊಸದು ತುಂಬಿರುತ್ತೆ. ಬರೋದೆಷ್ಟು ಹೋಗೋದೆಷ್ಟು ಅನ್ನೋ ಲೆಕ್ಕದ ಮೇಲೆ ಪ್ರೆಷರ್ ನಿಂತಿದೆ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸ ಅಂತಾರೆ, ರಿಪೋರ್ಟಲ್ಲಿ ಐಓಪಿ ಅಂತ ಬರೆದಿರುತ್ತೆ, ಇನ್ಮುಂದೆ ನಾನು ಬರೀ ಎಂಎಂ ಅಂತೀನಿ.

ಈ ದ್ರವ ಹೋಗೋ ದಾರಿ ಐರಿಸ್ಸೂ ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾನೂ ಸೇರೋ ಮೂಲೇಲಿದೆ. ಅಲ್ಲಿ ಟ್ರಬೆಕ್ಯುಲರ್ ಮೆಶ್‌ವರ್ಕ್ ಅಂತ ಜಾಲರಿ, ಅದರಾಚೆ ಶ್ಲೆಮ್ ಕೆನಾಲ್ ಅಂತ ಸಣ್ಣ ಕಾಲುವೆ, ಅಲ್ಲಿಂದ ಕಣ್ಣಿನ ಬಿಳಿಭಾಗದ ಮೇಲಿರೋ, ರಕ್ತ ಹೃದಯಕ್ಕೆ ವಾಪಸ್ ಒಯ್ಯೋ ಪುಟ್ಟ ನಾಳ ಅಂದ್ರೆ ವೇನ್‌ಗಳಿಗೆ ಹೋಗಿ ರಕ್ತಕ್ಕೆ ಸೇರುತ್ತೆ, ಒಂದಷ್ಟು ಪಾಲು ಮಾತ್ರ ಒಳಗಿನ ಸ್ನಾಯುಗಳ ಸಂದೀಲಿ ಇನ್ನೊಂದು ದಾರಿ ಹಿಡಿಯುತ್ತೆ. ಈ ಪುಟ್ಟ ವೇನ್‌ಗಳಲ್ಲೂ ಒಂದು ಪ್ರೆಷರ್ ಇದೆ, ಸುಮಾರು 8ರಿಂದ 10 ಎಂಎಂ, ಅದು ಏರಿದ್ರೆ ಕಣ್ಣಿನ ಪ್ರೆಷರ್ ಕೂಡ ಏರಲೇಬೇಕು. ಜೋರು ಮಳೇಲಿ ಬೀದಿ ಮೋರಿ ತುಂಬಿದಾಗ ಬಚ್ಚಲ ನೀರು ಹೋಗದೆ ಒಳಗೇ ನಿಲ್ಲುತ್ತಲ್ಲ, ಹಂಗೆ. ಆ ವೇನ್‌ಗಳು ಕತ್ತಿನ ದೊಡ್ಡ ವೇನ್‌ಗೆ ಸೇರುತ್ತೆ, ಕತ್ತಿನದು ಎದೆಗೆ, ಅಂದ್ರೆ ಎದೆಯೊಳಗೆ ಒತ್ತಡ ಜಾಸ್ತಿ ಆದ್ರೆ ಅದರ ಏಟು ಕಣ್ಣಿನವರೆಗೂ ಬರುತ್ತೆ. ಇದರ ಜೊತೆಗೆ ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯೋ ಪರದೆ) ಹಿಂದೆ ಕೋರಾಯ್ಡ್ ಅಂತ ರಕ್ತ ತುಂಬಿರೋ ಒಂದು ಪದರ ಇದೆ, ರಕ್ತ ವಾಪಸ್ ಹೋಗೋಕೆ ಅಡ್ಡಿ ಆದ್ರೆ ಅದು ಊದುತ್ತೆ, ಕಣ್ಣುಗುಡ್ಡೆ ಬಲೂನಿನಂತೆ ಹಿಗ್ಗೋ ವಸ್ತು ಅಲ್ಲ, ಒಳಗೆ ಒಂಚೂರು ಜಾಗ ಕಮ್ಮಿ ಆದ್ರೂ ಪ್ರೆಷರ್ ಸೆಕೆಂಡುಗಳಲ್ಲಿ ಏರುತ್ತೆ.

ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು ಅಂದ್ರೆ ಗ್ಲಾಕೋಮಾ. ಕಣ್ಣಿಂದ ಮಿದುಳಿಗೆ ಹೋಗೋ ಆಪ್ಟಿಕ್ ನರ್ವ್ ನಿಧಾನಕ್ಕೆ ಸಾಯೋ ಕಾಯಿಲೆ, ಹೋದ ದೃಷ್ಟಿ ವಾಪಸ್ ಬರಲ್ಲ, ಬಹುಪಾಲು ಜನಕ್ಕೆ ನೋವೂ ಇರಲ್ಲ ಕೆಂಪೂ ಆಗಲ್ಲ, ಪಕ್ಕದ ನೋಟ ಸವೆದು ಸವೆದು ಮಧ್ಯದ ನೋಟಕ್ಕೆ ಬರೋವಷ್ಟರಲ್ಲಿ ವರ್ಷಗಳೇ ಕಳೆದಿರುತ್ತೆ. 2020ರ ಹೊತ್ತಿಗೆ ಪ್ರಪಂಚದಲ್ಲಿ ಸುಮಾರು 7.6 ಕೋಟಿ ಜನಕ್ಕೆ ಇದೆ ಅಂತ ಅಂದಾಜು, 2040ಕ್ಕೆ 11 ಕೋಟಿ ದಾಟುತ್ತೆ ಅಂತಾರೆ. ಇದರಲ್ಲಿ ನಮ್ಮ ಕೈಲಿ ಬದಲಾಯಿಸೋಕೆ ಆಗೋ ದೊಡ್ಡ ಅಂಶ ಸದ್ಯಕ್ಕೆ ಪ್ರೆಷರ್ ಒಂದೇ. ಪ್ರೆಷರ್ ಜಾಸ್ತಿ ಇದ್ದು ಇನ್ನೂ ನರ್ವ್ ಹಾಳಾಗದವರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಟ್ರಯಲ್ ಮಾಡಿದ್ರು, 2002ರಲ್ಲಿ ಫಲಿತಾಂಶ ಬಂತು, ಡ್ರಾಪ್ಸ್ ಹಾಕಿ ಪ್ರೆಷರ್ ಶೇ 20ರಷ್ಟು ಇಳಿಸಿದವರಲ್ಲಿ ಐದು ವರ್ಷದಲ್ಲಿ ಗ್ಲಾಕೋಮಾ ಬಂದಿದ್ದು ಶೇ 4.4 ಜನಕ್ಕೆ, ಹಾಗೇ ಬಿಟ್ಟವರಲ್ಲಿ ಶೇ 9.5. ಸ್ವೀಡನ್‌ನ ಇನ್ನೊಂದು ಟ್ರಯಲ್ ಪ್ರಕಾರ ಪ್ರೆಷರ್ ಒಂದೊಂದು ಎಂಎಂ ಇಳಿದಷ್ಟೂ ಕಾಯಿಲೆ ಮುಂದುವರಿಯೋ ರಿಸ್ಕ್ ಸುಮಾರು ಶೇ 10ರಷ್ಟು ಕಮ್ಮಿ ಆಗುತ್ತೆ. ಹಾಗಾಗಿ ಎರಡು ಮೂರು ಎಂಎಂ ಅಂದ್ರೆ ಏನ್ ಮಹಾ ಅನ್ನೋ ಹಾಗಿಲ್ಲ.

ಈಗ ವಾಕಿಂಗ್ ಕಡೆ ಬರೋಣ. ಚುರುಕಾಗಿ ನಡೆಯೋದು, ಜಾಗಿಂಗ್, ಸೈಕಲ್, ಅಂದ್ರೆ ಒಂದೇ ಲಯದಲ್ಲಿ ಉಸಿರಾಡ್ತಾ ಬೆವರು ಬರೋವರೆಗೂ ಮಾಡೋ ಕೆಲಸ ಯಾವುದೇ ಆದ್ರೂ ಕಣ್ಣಿನ ಪ್ರೆಷರ್ ಕೆಲವು ಎಂಎಂ ಇಳಿಯುತ್ತೆ, ಇದು ಹತ್ತಾರು ವರ್ಷದಿಂದ ಮತ್ತೆ ಮತ್ತೆ ಅಳೆದು ನೋಡಿರೋ ವಿಷಯ. ಗ್ಲಾಕೋಮಾ ಇರೋರಲ್ಲಿ ಇಳಿಕೆ ಇನ್ನೂ ಜಾಸ್ತಿ ಕಾಣುತ್ತೆ, ಶುರೂಲಿ ಪ್ರೆಷರ್ ಎಷ್ಟು ಮೇಲಿದ್ಯೋ ಇಳಿಯೋಕೂ ಅಷ್ಟು ಜಾಗ ಇರುತ್ತಲ್ಲ. ಆದ್ರೆ ವ್ಯಾಯಾಮ ನಿಲ್ಲಿಸಿ ಒಂದರ್ಧ ಗಂಟೆ ಒಂದು ಗಂಟೆ ಆಗೋವಷ್ಟರಲ್ಲಿ ಮೊದಲಿದ್ದಲ್ಲಿಗೇ ಬಂದು ನಿಂತಿರುತ್ತೆ.

ಇಳಿಯೋದು ಯಾಕೆ ಅಂದ್ರೆ ಒಂದೇ ಕಾರಣ ಇಲ್ಲ. ಮೈ ದಣಿದಾಗ ರಕ್ತದಿಂದ ನೀರು ಸ್ನಾಯುಗಳ ಕಡೆಗೂ ಬೆವರಿಗೂ ಹೋಗುತ್ತೆ, ಉಳಿದ ರಕ್ತ ಸ್ವಲ್ಪ ಗಟ್ಟಿ ಆಗುತ್ತೆ, ಗಟ್ಟಿ ರಕ್ತ ಸುತ್ತಮುತ್ತಲಿಂದ ನೀರು ಎಳ್ಕೊಳ್ಳುತ್ತೆ, ಕಣ್ಣಿಂದಾನೂ. ಪ್ರೆಷರ್ ವಿಪರೀತ ಏರಿ ಎಮರ್ಜೆನ್ಸಿಗೆ ಬಂದವರಿಗೆ ಆಸ್ಪತ್ರೇಲಿ ಮ್ಯಾನಿಟಾಲ್ ಡ್ರಿಪ್ ಹಾಕ್ತಾರಲ್ಲ, ಅದು ಕೆಲಸ ಮಾಡೋದೂ ಇದೇ ತತ್ವದ ಮೇಲೆ. ಜೊತೆಗೆ ಲ್ಯಾಕ್ಟೇಟ್ ಏರುತ್ತೆ, ಉಸಿರು ಜೋರಾಗಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗುತ್ತೆ, ರಕ್ತನಾಳದ ಗೋಡೆಯಿಂದ ಬರೋ ನೈಟ್ರಿಕ್ ಆಕ್ಸೈಡ್ ದ್ರವ ಹೊರಹೋಗೋ ದಾರೀನ ಸಡಿಲ ಮಾಡುತ್ತೆ ಅನ್ನೋ ವಾದಾನೂ ಇದೆ.

ಇಲ್ಲೇ ನೀರಿನ ವಿಷಯ ಹೇಳ್ಬಿಡ್ತೀನಿ. ರಕ್ತ ಗಟ್ಟಿ ಆದ್ರೆ ಪ್ರೆಷರ್ ಇಳಿಯುತ್ತೆ ಅಂದ್ಮೇಲೆ ತೆಳು ಮಾಡಿದ್ರೆ ಏರ್ಬೇಕು, ಏರುತ್ತೆ ಕೂಡ. ಒಂದು ಲೀಟರ್‌ನಷ್ಟು ನೀರನ್ನ ಐದು ನಿಮಿಷದಲ್ಲಿ ಕುಡಿಸಿ ಪ್ರೆಷರ್ ಎಷ್ಟು ಏರುತ್ತೆ ನೋಡೋ ಟೆಸ್ಟೇ ಇದೆ, ವಾಟರ್ ಡ್ರಿಂಕಿಂಗ್ ಟೆಸ್ಟ್ ಅಂತ, ಗ್ಲಾಕೋಮಾ ಇರೋ ಕಣ್ಣಲ್ಲಿ ಇದು ಚೆನ್ನಾಗೇ ಏರುತ್ತೆ. ಓಡಿ ಬಂದು ಬಾಟಲಿ ಎತ್ತಿ ಗಟಗಟ ಅಂತ ಒಂದೇ ಉಸಿರಿಗೆ ಖಾಲಿ ಮಾಡೋ ಅಭ್ಯಾಸ ಇರೋರು ಅದೇ ನೀರನ್ನ ಮಧ್ಯೆ ಮಧ್ಯೆ ಸ್ವಲ್ಪ ಸ್ವಲ್ಪ ಕುಡಿದ್ರೆ ಆಯ್ತು. ನೀರು ಬಿಟ್ಟು ಪ್ರೆಷರ್ ಇಳಿಸ್ತೀನಿ ಅಂತ ಹೊರಟ್ರೆ ಮಾತ್ರ ಕಿಡ್ನಿಗೂ ತಲೆಗೂ ತೊಂದರೆ, ಆ ಹುಚ್ಚು ಬೇಡ.

ಒಂದು ಸಲದ ಇಳಿಕೆ ಗಂಟೇಲಿ ಮುಗಿಯುತ್ತೆ ಸರಿ, ತಿಂಗಳುಗಟ್ಟಲೆ ಮಾಡಿದ್ರೆ? 1991ರಲ್ಲಿ ಬಂದ ಒಂದು ಚಿಕ್ಕ ಅಧ್ಯಯನ ಇದನ್ನ ಚೆನ್ನಾಗಿ ತೋರಿಸುತ್ತೆ. ವ್ಯಾಯಾಮದ ರೂಢಿ ಇಲ್ಲದ, ಪ್ರೆಷರ್ ಜಾಸ್ತಿ ಇದ್ದು ಗ್ಲಾಕೋಮಾ ಬರಬಹುದು ಅಂತ ಅನುಮಾನ ಇದ್ದ ಕೆಲವರಿಗೆ ಮೂರು ತಿಂಗಳು, ವಾರಕ್ಕೆ ನಾಲ್ಕು ದಿನ, 40 ನಿಮಿಷ ಸೈಕಲ್ ತುಳಿಸಿದ್ರು. ಕೊನೆಗೆ ಅವರ ಸರಾಸರಿ ಪ್ರೆಷರ್ 4.6 ಎಂಎಂ ಇಳಿದಿತ್ತು, ಅಂದ್ರೆ ಶೇ 20ರಷ್ಟು. ಒಂದು ಡ್ರಾಪ್ಸ್ ಕೊಡೋ ಲಾಭಕ್ಕೆ ಹತ್ತಿರದ್ದೇ. ಆಮೇಲೆ ಸೈಕಲ್ ನಿಲ್ಲಿಸಿದ್ರು, ಮೂರು ವಾರದಲ್ಲಿ ಎಲ್ಲಾ ವಾಪಸ್. ಇದರಿಂದ ನಾನು ತಗೊಳ್ಳೋ ಅರ್ಥ ಏನಂದ್ರೆ ವಾಕಿಂಗ್ ಲಾಭಾನ ಬ್ಯಾಂಕಲ್ಲಿ ಕೂಡಿಡೋಕಾಗಲ್ಲ, ಜ್ವರ ಬಂತು ಮಳೆ ಬಂತು ಅಂತ ಬಿಟ್ರೆ ಹೋಯ್ತು, ಅದೇ ಕಾರಣಕ್ಕೆ ಡ್ರಾಪ್ಸ್ ಜಾಗಕ್ಕೆ ವಾಕಿಂಗ್ ತರೋದು ತಪ್ಪು. ಅದೂ ಆ ಅಧ್ಯಯನದಲ್ಲಿ ಇದ್ದಿದ್ದು ಬೆರಳೆಣಿಕೆಯಷ್ಟು ಜನ, ಕೂತೇ ಇದ್ದವರು ಎದ್ದು ಓಡಾಡಿದಾಗ ಸಿಕ್ಕ ಲಾಭ ಅದು, ಈಗಾಗಲೇ ದಿನಾ ಓಡೋರಿಗೆ ಇನ್ನೂ ಶೇ 20 ಇಳಿಯುತ್ತೆ ಅಂತ ಅಲ್ಲ.

ಹಾಗಾದ್ರೆ ಓಡಾಡೋರಿಗೆ ಗ್ಲಾಕೋಮಾನೇ ಕಮ್ಮಿ ಬರುತ್ತಾ? ಇಲ್ಲಿ ಉತ್ತರ ಒಂದೇ ಕಡೆಗಿಲ್ಲ. ಅಮೆರಿಕದ ಸಾವಿರಾರು ಗಂಡಸು ಓಟಗಾರರನ್ನ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಹೆಚ್ಚು ಓಡೋರು, ಜೋರಾಗಿ ಓಡೋರು ಗ್ಲಾಕೋಮಾ ಬಂತು ಅಂತ ಹೇಳಿದ್ದು ಕಮ್ಮಿ. ಡಲ್ಲಾಸ್‌ನ ಇನ್ನೊಂದು ದೀರ್ಘಕಾಲದ ಅಧ್ಯಯನದಲ್ಲೂ ಫಿಟ್ ಆಗಿರೋರ ರಿಸ್ಕ್ ಹೆಚ್ಚುಕಮ್ಮಿ ಅರ್ಧದಷ್ಟು ಇತ್ತು. ಆದ್ರೆ 2023ರಲ್ಲಿ ಬಂದ, ಬ್ರಿಟನ್‌ನ ಲಕ್ಷಾಂತರ ಜನರ ಆರೋಗ್ಯ ಮಾಹಿತಿ ಇರೋ ಯುಕೆ ಬಯೋಬ್ಯಾಂಕ್ ವಿಶ್ಲೇಷಣೇಲಿ ಒಟ್ಟಾರೆ ದೈಹಿಕ ಚಟುವಟಿಕೆಗೂ ಗ್ಲಾಕೋಮಾ ಇರೋದಕ್ಕೂ ಸಂಬಂಧವೇ ಕಾಣಲಿಲ್ಲ, ರೆಟಿನಾದ ಒಳಪದರ ಮಾತ್ರ ಚಟುವಟಿಕೆ ಇರೋರಲ್ಲಿ ಒಂಚೂರು ದಪ್ಪ ಇತ್ತು. ಇಂಥ ಅಧ್ಯಯನಗಳಲ್ಲಿ ಒಂದು ಸಿಕ್ಕು ಯಾವಾಗ್ಲೂ ಇರುತ್ತೆ, ಓಡೋರು ಸಾಮಾನ್ಯವಾಗಿ ಬೇರೆ ವಿಷಯದಲ್ಲೂ ಆರೋಗ್ಯವಂತರು, ಇತ್ತ ಕಣ್ಣು ಮಂಜಾದವರು ಎಡವೋ ಭಯಕ್ಕೆ ಓಡಾಟಾನೇ ಕಮ್ಮಿ ಮಾಡಿರ್ತಾರೆ, ಯಾವುದು ಕಾರಣ ಯಾವುದು ಪರಿಣಾಮ ಅಂತ ಬಿಡಿಸೋದು ಕಷ್ಟ.

ನನಗೆ ಇದೆಲ್ಲದಕ್ಕಿಂತ ಉಪಯೋಗಕ್ಕೆ ಬರುತ್ತೆ ಅನ್ಸಿದ್ದು ಜಾನ್ಸ್ ಹಾಪ್ಕಿನ್ಸ್‌ನವರು 2019ರಲ್ಲಿ ಪ್ರಕಟಿಸಿದ್ದು. ಗ್ಲಾಕೋಮಾ ಇರೋರು, ಇರಬಹುದು ಅಂತ ಅನುಮಾನ ಇರೋರು ಒಂದು ವಾರ ಸೊಂಟಕ್ಕೆ ಚಲನೆ ಅಳೆಯೋ ಯಂತ್ರ ಕಟ್ಕೊಂಡ್ರು, ಪಕ್ಕದ ನೋಟ ಎಷ್ಟು ಉಳಿದಿದೆ ಅಂತ ನೋಡೋ ಅವರ ಫೀಲ್ಡ್ ಟೆಸ್ಟ್‌ಗಳ ಜೊತೆ ಹೋಲಿಸಿದಾಗ ದಿನಕ್ಕೆ 5000 ಹೆಜ್ಜೆ ಹೆಚ್ಚು ನಡೆಯೋರಲ್ಲಿ ದೃಷ್ಟಿ ಸವೆಯೋ ವೇಗ ಸುಮಾರು ಶೇ 10ರಷ್ಟು ಕಮ್ಮಿ ಇತ್ತು. ಓಟ ಅಲ್ಲ ಜಿಮ್ ಅಲ್ಲ, ಬರೀ ಹೆಜ್ಜೆ. ಇದಕ್ಕೂ ಮೇಲಿನ ಸಿಕ್ಕು ಅಂಟ್ಕೊಂಡೇ ಇದೆ, ಆದ್ರೂ ಕಾಯಿಲೆ ಬಂದಾಗಿದೆ ಇನ್ನು ಸುಮ್ನೆ ಕೂತ್ಕೋಬೇಕಷ್ಟೇ ಅನ್ನೋರಿಗೆ ಇದನ್ನ ತೋರಿಸ್ಬೇಕು.

ಇನ್ನು ಭಾರ ಎತ್ತೋದು. ಬೆಂಚ್ ಪ್ರೆಸ್‌ನ ಒಂದೇ ಒಂದು ರೆಪ್ (ಒಂದು ಸಲ ಇಳಿಸಿ ಎತ್ತೋದು) ನೋಡಿ. ಬಾರ್ ಎದೆಗೆ ಬಂತು, ಈಗ ಮೇಲೆ ತಳ್ಳಬೇಕು, ತೂಕ ಜಾಸ್ತಿ ಇದೆ. ಆ ಕ್ಷಣಕ್ಕೆ ಯಾರೂ ಹೇಳ್ಕೊಡದೇನೇ ಗಂಟಲು ಮುಚ್ಚಿಕೊಳ್ಳುತ್ತೆ, ಒಳಗಿರೋ ಗಾಳಿ ಹೊರಗೆ ಹೋಗದಂಗೆ ಹೊಟ್ಟೆ ಎದೆ ಬಿಗಿಯಾಗುತ್ತೆ, ಬೆನ್ನಿಗೆ ಆಸರೆ ಸಿಗುತ್ತೆ. ಮುಖ ಕೆಂಪಾಗುತ್ತೆ, ಕತ್ತಿನ ನರ ಉಬ್ಬುತ್ತೆ, ಎದುರಿಗೆ ನಿಂತವರಿಗೇ ಕಾಣುತ್ತೆ. ಉಬ್ಬಿದ್ದು ಆ ವೇನ್‌ನಲ್ಲಿ ರಕ್ತ ಕೆಳಗಿಳಿಯೋಕೆ ಆಗದೆ ನಿಂತಿದೆ ಅನ್ನೋದಕ್ಕೆ, ಅದರ ಮೇಲ್ತುದೀಲಿ ಕಣ್ಣಿದೆ. ಇದಕ್ಕೆ ವಲ್ಸಾಲ್ವಾ ಅಂತಾರೆ, ಬೆಂಚ್ ಮೇಲೆ ಮಲಗಿರೋದು ಬೇರೆ ಸೇರ್ಕೊಳ್ಳುತ್ತೆ, ಕೂತಿರೋದಕ್ಕಿಂತ ಮಲಗಿದಾಗ ಕಣ್ಣಿನ ಪ್ರೆಷರ್ ಹೇಗಿದ್ರೂ ಎರಡು ಮೂರು ಎಂಎಂ ಜಾಸ್ತಿನೇ.

ಬ್ರೆಜಿಲ್‌ನಲ್ಲಿ 30 ಗಂಡಸರ ಮೇಲೆ ಇದನ್ನೇ ಅಳೆದು 2006ರಲ್ಲಿ ಪ್ರಕಟಿಸಿದ್ರು. ಕೊನೇ ರೆಪ್‌ನಲ್ಲಿ ಉಸಿರು ಬಿಗಿ ಹಿಡಿದವರಲ್ಲಿ ಶೇ 90 ಜನಕ್ಕೆ ಪ್ರೆಷರ್ ಏರಿತ್ತು, ಸರಾಸರಿ 4.3 ಎಂಎಂ, ಒಬ್ರಿಗಂತೂ ಏರಿಕೆ 17 ದಾಟಿತ್ತು. ಅದೇ ಜನ ಮಾಮೂಲಿಯಾಗಿ ಉಸಿರಾಡ್ತಾ ಎತ್ತಿದಾಗ ಏರಿದ್ದು ಶೇ 62 ಜನಕ್ಕೆ, ಸರಾಸರಿ 2.2 ಎಂಎಂ. ಅದೇ ಬೆಂಚು ಅದೇ ಜನ, ಉಸಿರು ಬಿಟ್ಟಿದ್ದಕ್ಕೇ ಅರ್ಧ ಕಮ್ಮಿ. ಪವರ್‌ಲಿಫ್ಟರ್‌ಗಳು ಪೂರ್ತಿ ಬಲ ಹಾಕಿ ಬಿಗಿ ಹಿಡಿದಾಗ ಅಳೆದ ಇನ್ನೊಂದು ಹಳೇ ಅಧ್ಯಯನದಲ್ಲಿ ಸರಾಸರಿ 13 ಇದ್ದಿದ್ದು 28ಕ್ಕೆ ಹೋಗಿತ್ತು, ಒಬ್ರಿಗೆ 46. ಕ್ಲಿನಿಕ್ಕಲ್ಲಿ ಕೂತಾಗ 46 ಬಂದ್ರೆ ಡಾಕ್ಟ್ರು ಮನೆಗೆ ಕಳಿಸಲ್ಲ. ಸ್ಪೇನ್‌ನ ಗ್ರಾನಡಾ ವಿಶ್ವವಿದ್ಯಾಲಯದವರು ಇದರ ಬಗ್ಗೆ ಸಾಲು ಸಾಲು ಪ್ರಯೋಗ ಮಾಡಿದ್ದಾರೆ, ತೂಕ ಜಾಸ್ತಿ ಆದಷ್ಟೂ ಪ್ರೆಷರ್ ಮೇಲೆ, ಸುಸ್ತಾಗಿ ಇನ್ನಾಗಲ್ಲ ಅನ್ನೋವರೆಗೂ ಹೋದಷ್ಟೂ ಮೇಲೆ, ತೋಳಿನ ಸಣ್ಣ ಸ್ನಾಯುಗಿಂತ ಸ್ಕ್ವಾಟ್‌ನಂಥ ದೊಡ್ಡ ಸ್ನಾಯುಗಳ ಕೆಲಸದಲ್ಲಿ ಜಾಸ್ತಿ, ಕದಲದೆ ಒಂದೇ ಭಂಗೀಲಿ ಬಿಗಿ ಹಿಡಿದ್ರೆ ಹಿಡಿದಷ್ಟು ಹೊತ್ತೂ ಏರ್ತಾ ಹೋಗುತ್ತೆ. ಬಿಟ್ಟ ಮೇಲೆ ಮಾತ್ರ ಬೇಗ ಇಳಿಯುತ್ತೆ, ನಿಮಿಷಗಳ ಲೆಕ್ಕ ಅಷ್ಟೇ.

ಇದನ್ನ ಓದಿ ಡಂಬೆಲ್ ಮಾರೋಕೆ ಇಡ್ಬೇಡಿ. ಕ್ಷಣದ ಏರಿಕೆ ಒಂದೇ ಇಟ್ಕೊಂಡು ಗ್ಲಾಕೋಮಾ ಅನ್ನೋಕಾಗಲ್ಲ. ಕೆಮ್ಮಿದ್ರೂ ಏರುತ್ತೆ, ಮಲಬದ್ಧತೆಗೆ ತಿಣುಕಿದ್ರೂ ಏರುತ್ತೆ, ಕಣ್ಣು ಗಟ್ಟಿಯಾಗಿ ಉಜ್ಜಿದ್ರೆ ಇವೆಲ್ಲಕ್ಕಿಂತ ಭಯಂಕರ ಏರುತ್ತೆ, ಟೈ ಬಿಗಿಯಾಗಿ ಕಟ್ಟಿದ್ರೂ ಏರುತ್ತೆ, ಟ್ರಂಪೆಟ್ ಊದೋರಿಗೂ ಏರುತ್ತೆ. ಭಾರ ಎತ್ತೋದ್ರಿಂದಲೇ ಆರೋಗ್ಯವಂತರ ಕಣ್ಣು ಹೋಗುತ್ತೆ ಅಂತ ಸಾಬೀತಾಗಿಲ್ಲ. ಇನ್ನೊಂದು ವಿಷಯಾನೂ ಇದೆ, ಉಸಿರು ಬಿಗಿ ಹಿಡಿದಾಗ ತಲೆಬುರುಡೆ ಒಳಗಿನ ಪ್ರೆಷರ್ ಕೂಡ ಏರುತ್ತೆ, ಆಪ್ಟಿಕ್ ನರ್ವ್ ಹಿಂದುಗಡೆಯಿಂದ ಆ ಒತ್ತಡ ಬರುತ್ತೆ, ಎರಡೂ ಕಡೆ ಏರಿದ್ರೆ ನರ್ವ್ ಮೇಲೆ ಬೀಳೋ ನಿಜವಾದ ವ್ಯತ್ಯಾಸ ಬರೀ ಕಣ್ಣಿನ ನಂಬರ್ ಹೇಳಿದಷ್ಟು ಇರದೇ ಇರಬಹುದು. ಆದ್ರೆ ನರ್ವ್ ಈಗಾಗಲೇ ಅರ್ಧ ಸವೆದವರ ಕಥೆ ಬೇರೆ, ಅವರಿಗೆ ವಾರಕ್ಕೆ ನಾಲ್ಕು ದಿನ ಹತ್ತು ಹತ್ತು ಸೆಟ್ ಉಸಿರು ಕಟ್ಟಿ ಎತ್ತಿ ಅಂತ ಯಾವ ಕಣ್ಣಿನ ಡಾಕ್ಟ್ರೂ ಹೇಳಲ್ಲ. ಅವರು ಜಿಮ್ ಬಿಡೋ ಬದಲು ಎತ್ತೋ ರೀತಿ ಬದಲಾಯಿಸ್ಬೇಕು, ತಳ್ಳುವಾಗ ಬಾಯಲ್ಲಿ ಉಸಿರು ಬಿಡೋದು, ತೂಕ ಇಳಿಸಿ ರೆಪ್ ಹೆಚ್ಚಿಸೋದು, ಕೊನೇ ಒಂದೆರಡು ರೆಪ್‌ಗೆ ಮುಖ ಕಿವುಚಿಕೊಂಡು ತಿಣುಕೋದು ಬಿಡೋದು, ತಲೆ ಇಳಿಜಾರಾಗಿರೋ ಡಿಕ್ಲೈನ್ ಬೆಂಚ್ ಕಡೆ ಹೋಗದೇ ಇರೋದು. ಎಣಿಸ್ತಾ ಎತ್ತಿ, ಬಾಯಿಬಿಟ್ಟು ಒಂದು ಎರಡು ಅಂತ ಎಣಿಸ್ತಿದ್ರೆ ಉಸಿರು ಹಿಡಿಯೋಕೇ ಆಗಲ್ಲ.

ತಲೆಕೆಳಗು ಆಸನಗಳದ್ದು ಇದಕ್ಕಿಂತ ಸ್ಪಷ್ಟ ಲೆಕ್ಕ. ಚೆನ್ನೈನಲ್ಲಿ ಯೋಗ ಅಭ್ಯಾಸಿಗಳು 75 ಜನರ ಮೇಲೆ ಶೀರ್ಷಾಸನದ ವೇಳೆ ಅಳೆದ ಅಧ್ಯಯನ 2006ರಲ್ಲಿ ಬಂತು, ಪ್ರೆಷರ್ ಸರಾಸರಿ ಎರಡರಷ್ಟಾಗಿತ್ತು, ಎಲ್ಲಾ ವಯಸ್ಸಿನವರಲ್ಲೂ. ಅವರ ಪೈಕಿ ಕಣ್ಣಿನ ಪ್ರೆಷರ್ ಜಾಸ್ತಿ ಇರೋ ಕಾಯಿಲೆ ಇದ್ದವರ ಪ್ರಮಾಣ ಬೇರೆಯವರಿಗಿಂತ ಹೆಚ್ಚಿರಲಿಲ್ಲ ಅನ್ನೋದನ್ನೂ ಅದೇ ಅಧ್ಯಯನ ಹೇಳುತ್ತೆ, ಹೆದರಿಸೋ ವಿಡಿಯೋಗಳು ಈ ಸಾಲನ್ನ ಬಿಟ್ಟುಬಿಡ್ತವೆ. 2015ರಲ್ಲಿ ನ್ಯೂಯಾರ್ಕ್‌ನವರು ಅಧೋಮುಖ ಶ್ವಾನಾಸನ, ಉತ್ತಾನಾಸನ, ಹಲಾಸನ, ವಿಪರೀತ ಕರಣಿ ನಾಲ್ಕನ್ನೂ ಗ್ಲಾಕೋಮಾ ಇರೋರಲ್ಲೂ ಇಲ್ಲದವರಲ್ಲೂ ಅಳೆದ್ರು. ಒಂದೇ ನಿಮಿಷದಲ್ಲಿ ಎಲ್ಲರಿಗೂ ಏರಿತ್ತು, ಎಲ್ಲಕ್ಕಿಂತ ಹೆಚ್ಚು ಏರಿದ್ದು ಅಧೋಮುಖ ಶ್ವಾನಾಸನದಲ್ಲಿ, ಎದ್ದು ಕೂತು ಎರಡು ನಿಮಿಷ ಆಗೋವಷ್ಟರಲ್ಲಿ ಹೆಚ್ಚುಕಮ್ಮಿ ಮೊದಲಿನ ಮಟ್ಟ. ಸೂರ್ಯನಮಸ್ಕಾರದಲ್ಲಿ ಬಂದು ಹೋಗೋ ಈ ಭಂಗೀನ ಯಾರೂ ತಲೆಕೆಳಗು ಆಸನ ಅಂತ ಲೆಕ್ಕಕ್ಕೇ ಇಟ್ಕೊಂಡಿರಲ್ಲ.

ಹಾಗಂತ ಯೋಗಾನೇ ಬೇಡ ಅಂತಲ್ಲ. ನಿಂತು ಮಾಡೋದು, ಕೂತು ಮಾಡೋದು, ತಲೆ ಎದೆಗಿಂತ ಮೇಲಿರೋದು ಎಷ್ಟೋ ಇದೆ. ದಿಲ್ಲಿಯ ಏಮ್ಸ್‌ನಲ್ಲಿ ಗ್ಲಾಕೋಮಾ ರೋಗಿಗಳಿಗೆ ಮೂರು ವಾರ ದಿನಾ ಧ್ಯಾನ ಮಾಡಿಸಿದಾಗ ಪ್ರೆಷರ್ ಇಳಿದ ಟ್ರಯಲ್ 2018ರಲ್ಲಿ ಪ್ರಕಟ ಆಯ್ತು, ಡ್ರಾಪ್ಸ್ ಮುಂದುವರಿಸ್ತಾನೇ ಮಾಡಿದ್ದು ಅದು. ಕ್ಲಾಸಲ್ಲಿ ಗುರುಗಳಿಗೆ ಮೊದಲೇ ನನಗೆ ಗ್ಲಾಕೋಮಾ ಇದೆ ಅಂತ ಹೇಳ್ಬಿಟ್ರೆ ಎಲ್ಲರೂ ಕಾಲು ಮೇಲೆತ್ತೋ ಹೊತ್ತಲ್ಲಿ ನೀವು ಸುಮ್ನೆ ಕೂತಿದ್ರೆ ಯಾರೂ ಏನೂ ಅನ್ಕೊಳಲ್ಲ.

ಈಜು ಒಳ್ಳೇದೇ, ತೊಂದರೆ ಕೊಡೋದು ಗಾಗಲ್ಸ್. ಕಣ್ಣಿನ ಗುಳಿಯೊಳಗೆ ಕೂರೋ ಚಿಕ್ಕ ಬಿಗಿ ಗಾಗಲ್ಸ್ ಹಾಕಿದ ಕ್ಷಣದಿಂದ ತೆಗೆಯೋವರೆಗೂ ಪ್ರೆಷರ್ ಮೇಲೇ ಇರುತ್ತೆ, 2008ರ ಒಂದು ಅಧ್ಯಯನದಲ್ಲಿ ಸರಾಸರಿ 4.5 ಎಂಎಂ. ಗಂಟೆಗಟ್ಟಲೆ ಈಜೋರಿಗೆ ಇದು ಒಂದು ರೆಪ್‌ನ ಏರಿಕೆಯಂತೆ ಬಂದು ಹೋಗಲ್ಲ ಅನ್ನೋದು ಗಮನಿಸಿ. ಮೂಳೆ ಮೇಲೆ ಕೂರೋ ಅಗಲ ಚೌಕಟ್ಟಿನದ್ದು ತಗೊಂಡ್ರೆ ಈ ಒತ್ತು ತಪ್ಪುತ್ತೆ.

ಈಗ ಎಲ್ಲಾ ನಿಯಮಾನೂ ಉಲ್ಟಾ ಮಾಡೋ ಒಂದು ಗುಂಪಿದೆ, ಇದರ ಬಗ್ಗೆ ಮಾತೇ ಕಮ್ಮಿ. ಪಿಗ್ಮೆಂಟ್ ಡಿಸ್ಪರ್ಷನ್ ಅಂತ ಒಂದು ಸ್ಥಿತಿ, ಹೆಚ್ಚಾಗಿ ವಯಸ್ಸು ಇನ್ನೂ 20ರಿಂದ 40ರೊಳಗಿರೋ, ಮೈನಸ್ ಪವರ್ ಕನ್ನಡಕ ಇರೋ ಗಂಡಸರಲ್ಲಿ ಕಾಣುತ್ತೆ. ಇವರ ಐರಿಸ್ ಹಿಂದಕ್ಕೆ ಬಾಗಿ ಲೆನ್ಸ್ ಹಿಡಿದಿರೋ ದಾರಗಳಿಗೆ ಉಜ್ಜುತ್ತಿರುತ್ತೆ, ಉಜ್ಜಿದಾಗ ಬಣ್ಣದ ಪುಡಿ ಉದುರುತ್ತೆ, ಜಾಗಿಂಗ್ ಬಾಸ್ಕೆಟ್‌ಬಾಲ್ ಥರ ಎಗರಿ ಕುಣಿಯೋ ಆಟದಲ್ಲಿ ಇನ್ನೂ ಜಾಸ್ತಿ ಉದುರುತ್ತೆ, ಆ ಪುಡಿ ಹೋಗಿ ಜಾಲರೀಲಿ ಸಿಕ್ಕಾಕೊಂಡು ದಾರಿ ಕಟ್ಟುತ್ತೆ. ಬೇರೆಯವರಿಗೆ ಪ್ರೆಷರ್ ಇಳಿಸೋ ಅದೇ ಓಟ ಇವರಲ್ಲಿ ಕೆಲವರಿಗೆ ಏರಿಸುತ್ತೆ. ಸುಳಿವು ಏನಂದ್ರೆ ಓಡಿ ಬಂದ ಮೇಲೆ ಕಣ್ಣು ಮಂಜು, ಲೈಟ್ ಸುತ್ತ ಬಣ್ಣದ ಬಳೆ, ಕೆಲವು ಸಲ ಹುಬ್ಬಿನ ಹತ್ರ ನೋವು, ಒಂದೆರಡು ಗಂಟೇಲಿ ಹೋಗ್ಬಿಡುತ್ತೆ, ಬೆವರು ಕಣ್ಣಿಗೆ ಬಿತ್ತು ಅನ್ಕೊಂಡು ಸುಮ್ನಾಗ್ತಾರೆ. ಫಿಟ್ ಆಗಿರೋ ಹುಡುಗ, ಯಾರಿಗೂ ಅನುಮಾನ ಬರಲ್ಲ. ಸ್ಲಿಟ್ ಲ್ಯಾಂಪ್ ಅನ್ನೋ ಕಣ್ಣಿನ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕಾರ್ನಿಯಾ ಒಳಮೈಯಲ್ಲಿ ಮೇಲಿಂದ ಕೆಳಕ್ಕೆ ಗೀಟು ಎಳೆದಂತೆ ಪುಡಿ ಅಂಟಿರೋದು ಡಾಕ್ಟ್ರಿಗೆ ಕಾಣುತ್ತೆ. ಓಡೋಕೆ ಮುಂಚೆ ಪೈಲೋಕಾರ್ಪಿನ್ ಡ್ರಾಪ್ಸ್ ಹಾಕಿದ್ರೆ ಈ ಏರಿಕೆ ತಡೀಬಹುದು ಅಂತ ತೋರಿಸಿದ್ದಾರೆ, ಆದ್ರೆ ಅದಕ್ಕೆ ಅದರದ್ದೇ ತೊಂದರೆ ಇದೆ, ಡಾಕ್ಟ್ರು ನೋಡಿ ಕೊಡಬೇಕಾದ್ದು.

ಡ್ರಾಪ್ಸ್ ವಿಷಯ ಬಂತಲ್ಲ, ಟಿಮೊಲಾಲ್ ಬಗ್ಗೆ ಒಂದು ಮಾತು. 1978ರಿಂದ ಬಳಕೇಲಿರೋ ಔಷಧಿ, ಇದು ಬೀಟಾ ಬ್ಲಾಕರ್, ಅಂದ್ರೆ ಕಣ್ಣಿಗೆ ಹಾಕಿದ್ರೂ ಒಂದಷ್ಟು ಮೂಗಿನ ದಾರೀಲಿ ಇಳಿದು ರಕ್ತಕ್ಕೆ ಹೋಗಿ ಎದೆಬಡಿತ ನಿಧಾನ ಮಾಡುತ್ತೆ. ಮೊದಲಿನಷ್ಟು ಜೋರಾಗಿ ಮೆಟ್ಟಿಲು ಹತ್ತೋಕಾಗ್ತಿಲ್ಲ, ವಾಚಲ್ಲಿ ಹಾರ್ಟ್‌ರೇಟ್ ಏರೋದೇ ಇಲ್ಲ, ವಯಸ್ಸಾಯ್ತೇನೋ ಅಂತ ಕೂತ್ಕೊಳ್ಳೋರು ಬಾಟಲಿ ಲೇಬಲ್ ಒಮ್ಮೆ ನೋಡ್ಬೇಕು. ಆಸ್ತಮಾ ಇರೋರಿಗೆ ಈ ಡ್ರಾಪ್ಸ್ ಆಗಲ್ಲ. ಹನಿ ಹಾಕಿ ಕಣ್ಣು ಮುಚ್ಚಿ ಮೂಗಿನ ಪಕ್ಕದ ಕಣ್ಣಿನ ಮೂಲೇನ ಎರಡು ನಿಮಿಷ ಬೆರಳಲ್ಲಿ ಒತ್ತಿ ಹಿಡಿದ್ರೆ ರಕ್ತಕ್ಕೆ ಹೋಗೋ ಪ್ರಮಾಣ ಕಮ್ಮಿ ಆಗುತ್ತೆ. ಸುಸ್ತು ಅಂತ ನೀವೇ ನಿಲ್ಲಿಸೋ ಬದಲು ಡಾಕ್ಟ್ರಿಗೆ ಹೇಳಿದ್ರೆ ಬೇರೆ ಜಾತಿಯ ಡ್ರಾಪ್ಸ್ ಇದೆ.

ಕೆಲವರು ಕಾಯಬೇಕು, ಅದರಲ್ಲಿ ವಾದ ಇಲ್ಲ. ಗ್ಲಾಕೋಮಾ ಆಪರೇಷನ್ ಆಗಿ ಕೆಲವೇ ವಾರ ಆಗಿರೋರು, ರೆಟಿನಾ ಆಪರೇಷನ್ ಆಗಿ ಕಣ್ಣಲ್ಲಿ ಗ್ಯಾಸ್ ತುಂಬಿರೋರು, ಶುಗರ್‌ನಿಂದ ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದು ಒಡೆಯೋ ಸ್ಥಿತೀಲಿರೋರು, ಇವರೆಲ್ಲ ಭಾರ ಮತ್ತು ತಲೆಕೆಳಗು ಎರಡನ್ನೂ ಡಾಕ್ಟ್ರು ಸರಿ ಅನ್ನೋವರೆಗೂ ಮುಟ್ಟಬಾರದು.

ಕೊನೇದಾಗಿ ಅಳೆಯೋ ದಿನದ ಬಗ್ಗೆ, ಯಾಕಂದ್ರೆ ಡಾಕ್ಟ್ರು ಡ್ರಾಪ್ಸ್ ಹೆಚ್ಚಿಸೋದು ಬಿಡೋದು ಆ ಒಂದು ನಂಬರ್ ಮೇಲೆ ನಿಂತಿರುತ್ತೆ. ಗದ್ದ ಸ್ಟ್ಯಾಂಡ್ ಮೇಲೆ ಇಟ್ಟು ಹಣೆ ಪಟ್ಟಿಗೆ ಒತ್ತಿ, ನೀಲಿ ಲೈಟ್ ಹತ್ರ ಬರುವಾಗ ಹೆಚ್ಚಿನವರು ಹೆದರಿ ಉಸಿರು ಹಿಡಿದುಬಿಡ್ತಾರೆ, ರೆಪ್ಪೆ ಬಿಗಿ ಮಾಡ್ತಾರೆ, ಮುಂದಕ್ಕೆ ಬಗ್ಗಿ ಕತ್ತು ಚಾಚಿ ಕೂತಿರ್ತಾರೆ, ಬೆಂಚ್ ಪ್ರೆಸ್‌ನಲ್ಲಿ ಆಗೋದರ ಸಣ್ಣ ರೂಪವೇ ಇಲ್ಲೂ ಆಗಿ ನಂಬರ್ ಮೇಲೆ ಬರುತ್ತೆ. ಅದಕ್ಕೆ ಉಲ್ಟಾ, ಬೆಳಗ್ಗೆ ಓಡಿ ಬೆವರು ಒರೆಸ್ಕೊಂಡು ಸೀದಾ ಕ್ಲಿನಿಕ್‌ಗೆ ಹೋದ್ರೆ ನಂಬರ್ ಚಂದ ಕಾಣುತ್ತೆ, ಅದು ಆ ಗಂಟೆಯ ನಂಬರ್ ಅಷ್ಟೇ, ರಾತ್ರಿ ಮಲಗಿದಾಗಿನದ್ದಲ್ಲ. ಚೆಕಪ್ ದಿನ ವ್ಯಾಯಾಮ ಮಾಡಿದ್ರೆ ಒಂದೆರಡು ಗಂಟೆ ಗ್ಯಾಪ್ ಬಿಟ್ಟು ಹೋಗಿ, ಕಾಲರ್ ಬಟನ್ ಬಿಚ್ಚಿ ಕೂತ್ಕೊಳ್ಳಿ, ಉಸಿರಾಡ್ತಾ ಇರಿ, ಜಿಮ್‌ನಲ್ಲಿ ಏನೇನು ಮಾಡ್ತೀರಿ, ಯಾವ ಆಸನ ಮಾಡ್ತೀರಿ, ಯಾವ ಗಾಗಲ್ಸ್ ಹಾಕ್ತೀರಿ ಅಂತ ಅವರು ಕೇಳದೇ ಇದ್ರೂ ಹೇಳಿ, ಹೆಚ್ಚಿನ ಕಡೆ ಕೇಳೋಕೆ ಅವರಿಗೆ ಟೈಮ್ ಇರಲ್ಲ.